ಹನ್ನೆರಡು ತಿಂಗಳ ಬಾಡಿಗೆ, ಒಂದು ಸಲದ ಬಿಲ್ಲು

ಕೃಷ್ಣೆಯ ದಂಡೆಯ ಗಲಗಲಿಗೆ ಹೊರಗಿನವರ ಬಾಯಲ್ಲಿ ಹಳೆಯ ಹೆಸರಿದೆ. ಗಾಲವ ಋಷಿ ತಪಸ್ಸು ಮಾಡಿದ ಜಾಗವೆಂದು ಸ್ಥಳಪುರಾಣ ಹೇಳುತ್ತದೆ. ಹರಿದಾಸ ಸಾಹಿತ್ಯ ಓದಿದವರಿಗೆ ಗಲಗಲಿ ಅವ್ವ ಗೊತ್ತು. ಸಂಸ್ಕೃತ ಬಲ್ಲವರು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪಂಡಿತ ಪಂಢರಿನಾಥಾಚಾರ್ಯ ಗಲಗಲಿಯವರನ್ನು ನೆನೆಯುತ್ತಾರೆ. ಬೀಳಗಿ ತಾಲ್ಲೂಕಿನ ಈ ಊರಿನ ಸುತ್ತ ಈಗ ಕಣ್ಣು ಹಾಯಿಸಿದರೆ ಕಾಣುವುದು ಕಬ್ಬು. ನದಿಯ ಆಚೆ ಈಚೆ, ಜಮಖಂಡಿಯ ಕಡೆಗೆ, ಮುಧೋಳದ ಕಡೆಗೆ, ಎತ್ತ ನೋಡಿದರೂ ಕಬ್ಬು. ಹಸಿರು ನೋಡಿದವರು ಇಲ್ಲಿ ದುಡ್ಡಿಗೇನು ಕೊರತೆ ಅಂದುಕೊಳ್ಳುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಇಲ್ಲಿಯ ಒಂದು ಪಡಸಾಲೆಯಲ್ಲಿ ಕುಳಿತು ಕೇಳಿದರೆ ಬೇರೆಯೇ ಮಾತು ಕಿವಿಗೆ ಬೀಳುತ್ತದೆ. ಮಗನಿಗೆ ಯಾವ ಕಾಲೇಜು, ಮಗಳಿಗೆ ಯಾವ ವಿಷಯ ಎನ್ನುವುದಕ್ಕಿಂತ ಮೊದಲು ಅಲ್ಲಿ ಚರ್ಚೆಗೆ ಬರುವುದು ರೂಮು ಎಲ್ಲಿ, ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂಬುದು.

ಒಂದು ಮನೆಯನ್ನೇ ನೋಡೋಣ. ಹೆಸರು ಬೇಡ, ಅಂಥ ಮನೆಗಳು ಈ ಭಾಗದ ಪ್ರತಿ ಓಣಿಯಲ್ಲೂ ಇವೆ. ಮೂರು ಎಕರೆ ಕಬ್ಬು, ಎರಡು ಎಮ್ಮೆ, ಹಿರಿಯರು ಕಟ್ಟಿದ ಮಣ್ಣಿನ ಗೋಡೆಯ ಮಾಳಿಗೆ ಮನೆ, ಅದರ ಹಿಂದೆ ಸಾಲ ಮಾಡಿ ಎಬ್ಬಿಸಿದ ಎರಡು ಆರ್‌ಸಿಸಿ ಖೋಲಿ. ಮಗ ಧಾರವಾಡದಲ್ಲಿ ಬಿಎಸ್ಸಿ ಎರಡನೆಯ ವರ್ಷ, ಇಬ್ಬರು ಗೆಳೆಯರೊಂದಿಗೆ ರೂಮು ಹಂಚಿಕೊಂಡಿದ್ದಾನೆ. ಮಗಳು ಹತ್ತನೆಯ ಇಯತ್ತೆಯಲ್ಲಿ ಒಳ್ಳೆಯ ಅಂಕ ತೆಗೆದು ಜಮಖಂಡಿಯಲ್ಲಿ ಪಿಯುಸಿ ಸೈನ್ಸಿಗೆ ಸೇರಬೇಕೆಂದು ಹಟ ಹಿಡಿದಿದ್ದಾಳೆ. ಮಗನ ಫೋನು ಬಂದದ್ದು ಇದೇ ವೇಳೆಗೆ.

‘ಅಪ್ಪಾ, ಮಾಲಕರು ಬರೂ ತಿಂಗಳಿಂದ ಐನೂರು ಏರಸ್ತಾರಂತ.’

‘ಬಿಲ್ಲು ಆಗೂತನಾ ತಡೀರಿ ಅಂತ ಹೇಳು.’

‘ಅವರಿಗೇನು ಕಬ್ಬು ಐತೇನಪಾ, ಬಿಲ್ಲಿನ ದಾರಿ ಕಾಯಾಕ?’

ಹುಡುಗ ಸಿಟ್ಟಿನಲ್ಲಿ ಆಡಿದ ಮಾತಾದರೂ ಈ ಸೀಮೆಯ ಮನೆ ಖರ್ಚಿನ ಇಡೀ ತೊಡಕು ಅದರಲ್ಲಿಯೇ ಇದೆ. ಬಾಡಿಗೆ ತಿಂಗಳ ಲೆಕ್ಕದ ವಸ್ತು. ಕಬ್ಬು ವರ್ಷದ ಲೆಕ್ಕದ ಬೆಳೆ. ನಾಟಿ ಮಾಡಿದ ಮೇಲೆ ಕನಿಷ್ಠ ಹತ್ತು ಹನ್ನೆರಡು ತಿಂಗಳು, ಅಡಸಾಲಿಯಾದರೆ ಒಂದೂವರೆ ವರ್ಷ ನೆಲದಲ್ಲಿ ನಿಂತಿರುತ್ತದೆ. ಕಾರ್ಖಾನೆಗಳು ಅಕ್ಟೋಬರ್ ಕೊನೆಗೋ ನವೆಂಬರಿಗೋ ನುರಿಸಲು ಶುರುಮಾಡುತ್ತವೆ. ಕಡಿಯುವ ಪಾಳಿ ಬರುವ ಹೊತ್ತಿಗೆ ಡಿಸೆಂಬರ್, ಕೆಲವರಿಗೆ ಫೆಬ್ರವರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಆ ಬಡ್ಡಿ ಎಷ್ಟು ಜನರ ಕೈಸೇರಿದೆ ಎಂದು ಕಟ್ಟೆಯ ಮೇಲೆ ಕೇಳಿದರೆ ನಗುವವರೇ ಹೆಚ್ಚು. ಬಿಲ್ಲು ಬಂದರೂ ಮೊದಲು ಸೊಸೈಟಿ ಸಾಲ ಮುರಿದುಕೊಳ್ಳುತ್ತದೆ. ಗೊಬ್ಬರದ ಅಂಗಡಿಯವನ ಉದ್ರಿ, ಟ್ರ್ಯಾಕ್ಟರ್ ಬಾಡಿಗೆ, ಕಡಿಯುವ ಗ್ಯಾಂಗಿನ ಖುಷಿ ಎಲ್ಲ ಕಳೆದು ಉಳಿದದ್ದು ಮನೆಗೆ.

ಕಾಲೇಜು ಶುರುವಾಗುವುದು ಜೂನಿನಲ್ಲಿ. ಜೂನಿನಿಂದ ಜನವರಿಯವರೆಗಿನ ಎಂಟು ತಿಂಗಳ ಬಾಡಿಗೆಗೆ ಕೈಯಲ್ಲಿ ಕಾಸಿಲ್ಲ. ಹಾಗಾದರೆ ಕೈಗಡ. ಊರಿನ ದರ ನೂರಕ್ಕೆ ಮೂರು, ಅದೂ ತಿಂಗಳಿಗೆ. ಹೈಸ್ಕೂಲಿನ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಎರಡೂ ಮಕ್ಕಳ ರೂಮು ಸೇರಿ ತಿಂಗಳಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ಪ್ರತಿ ತಿಂಗಳ ಮೊದಲಿಗೆ 4,000 ಸಾಲ ತಂದು ಎಂಟನೆಯ ತಿಂಗಳ ಕೊನೆಗೆ ಎಲ್ಲ ಒಟ್ಟಿಗೆ ತೀರಿಸಿದರೆ, ಮೊದಲ ಕಂತಿಗೆ ಎಂಟು ತಿಂಗಳ ಬಡ್ಡಿ, ಎರಡನೆಯದಕ್ಕೆ ಏಳು, ಹೀಗೆ ಇಳಿಯುತ್ತ ಕೊನೆಯದಕ್ಕೆ ಒಂದು. 8, 7, 6ರಿಂದ ಒಂದರವರೆಗೆ ಕೂಡಿಸಿದರೆ 36. ಒಂದು ತಿಂಗಳ ಬಡ್ಡಿ 120 ರೂಪಾಯಿ, 36 ಸಲ ಅಂದರೆ 4,320. ಬಾಡಿಗೆ 32,000, ಕೊಟ್ಟದ್ದು 36,320. ಎಂಟು ತಿಂಗಳು ಇದ್ದು ಒಂಬತ್ತು ತಿಂಗಳ ಬಾಡಿಗೆ ತೆತ್ತಂತಾಯಿತು. ತಿಂಗಳ ಪಗಾರ ಬರುವ ಮನೆಯವರು ಈ ಒಂಬತ್ತನೆಯ ತಿಂಗಳನ್ನು ಕಟ್ಟುವುದಿಲ್ಲ. ಒಂದೇ ಖೋಲಿ, ಒಂದೇ ಮಾಲಕ, ರೈತನ ಮಗನಿಗೆ ಮಾತ್ರ ತುಟ್ಟಿ. ಕಾರ್ಖಾನೆ ಕಾನೂನಿನಂತೆ ಶೇಕಡಾ 15ರ ಬಡ್ಡಿ ಕೊಟ್ಟಿತೆಂದೇ ಹಿಡಿಯಿರಿ, ಅದು ತಿಂಗಳಿಗೆ ನೂರಕ್ಕೆ ಒಂದೂಕಾಲು. ಇವನು ಕಟ್ಟುವುದು ಮೂರು.

ಹೀಗಿರುವಾಗ ಭೋಗ್ಯದ ಮನೆಯೇ ಲೇಸಲ್ಲವೇ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಈಗ ಪೇಟೆಯಲ್ಲಿ ಇದನ್ನು ಲೀಸ್ ಅನ್ನುತ್ತಾರೆ. ಮಾಲಕನಿಗೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಸಲು ವಾಪಸು ಪಡೆಯುವುದು. ಬಿಲ್ಲು ಒಂದೇ ಗಂಟಾಗಿ ಬರುವವರಿಗೆ ಇದು ಹೊಂದುವ ಪದ್ಧತಿ ಎಂಬುದರಲ್ಲಿ ಸುಳ್ಳಿಲ್ಲ. ಆದರೆ ಭೋಗ್ಯದಲ್ಲಿ ಬಾಡಿಗೆಯೇ ಇಲ್ಲ ಎಂದು ನಂಬುವುದು ಮಾತ್ರ ತಪ್ಪು. 3 ಲಕ್ಷ ಕೊಟ್ಟಿರೆನ್ನಿ. ಸ್ವಂತ ಉಳಿತಾಯವಾದರೆ, ಬ್ಯಾಂಕಿನಲ್ಲಿ ಶೇಕಡಾ 7ಕ್ಕೆ ಇಟ್ಟಿದ್ದರೆ ವರ್ಷಕ್ಕೆ 21,000 ಬರುತ್ತಿತ್ತು. ಅಂದರೆ ತಿಂಗಳಿಗೆ 1,750 ರೂಪಾಯಿ ಕಾಣದ ಬಾಡಿಗೆ. ಶೇಕಡಾ 12ಕ್ಕೆ ಬಂಗಾರ ಅಡವಿಟ್ಟು ತಂದಿದ್ದರೆ ತಿಂಗಳಿಗೆ 3,000. ನೂರಕ್ಕೆ ಮೂರರ ಕೈಗಡವಾದರೆ ತಿಂಗಳಿಗೆ 9,000, ಅಷ್ಟಕ್ಕೆ ಜಮಖಂಡಿಯಲ್ಲಿ ಇಡೀ ಮನೆಯೇ ಸಿಕ್ಕೀತು! ಬಿಡುವ ದಿನ ಮಾಲಕನ ಕೈಯಲ್ಲಿ ಆ 3 ಲಕ್ಷ ಇರಬೇಕಲ್ಲ ಎಂಬ ಚಿಂತೆ ಬೇರೆ. ಮುಂದಿನ ಭೋಗ್ಯದಾರ ಸಿಗುವವರೆಗೆ ತಡೆಯಿರಿ ಎಂದು ಆತ ಕೈ ಚೆಲ್ಲಿದರೆ, ಪರೀಕ್ಷೆ ಮುಗಿದ ಹುಡುಗ ಖಾಲಿ ಖೋಲಿ ಕಾಯುತ್ತ ಕೂಡಬೇಕಾಗುತ್ತದೆ.

ಕಾಗದಪತ್ರದ ವಿಚಾರದಲ್ಲಿ ನಮ್ಮ ಜನ ಬಹಳ ಉದಾರಿಗಳು. ‘ಮಾತಿಗಿಂತ ಕಾಗದ ದೊಡ್ಡದೇನು’ ಎಂದು ಅಡ್ವಾನ್ಸ್ ಎಣಿಸಿ ಕೊಟ್ಟು ಬರುತ್ತಾರೆ. ಪೇಟೆಯಲ್ಲಿ ಕರಾರುಪತ್ರ ಬರೆದರೂ ಅದು 11 ತಿಂಗಳಿಗೆ. ಯಾಕೆ 11, ಪೂರ್ತಿ 12 ಯಾಕಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ವರ್ಷದಿಂದ ವರ್ಷಕ್ಕೆ ನಡೆಯುವ ಅಥವಾ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ. ಅದರ ಖರ್ಚು, ಓಡಾಟ ತಪ್ಪಿಸಲು 11ಕ್ಕೆ ನಿಲ್ಲಿಸುತ್ತಾರೆ. ಪ್ರತಿ 11 ತಿಂಗಳಿಗೊಮ್ಮೆ ಬಾಡಿಗೆ ಏರಿಸಲು ಅದೇ ಅನುಕೂಲವೂ ಆಗುತ್ತದೆ. ಬಾಡಿಗೆಗೆ ಕಡಿವಾಣ ಹಾಕುವ ಕಾನೂನು ಇಲ್ಲವೆಂದಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಪಟ್ಟಿ ಮಾಡಿದ ನಗರ ಪಟ್ಟಣಗಳಿಗೆ ಅನ್ವಯಿಸುತ್ತದೆ. ಅಲ್ಲಿಯೂ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಮನೆಗಳು ಅದರ ಹೊರಗೆ ಎಂದು ಆಗಲೇ ಗೆರೆ ಎಳೆಯಲಾಯಿತು. ಆ ಗೆರೆಯೊಳಗೆ ಇಂದು ಎಷ್ಟು ಮನೆ ಉಳಿದಾವು? 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳಬಾರದು ಎನ್ನುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ಅಮೃತದಂಥ ಮಾತು. ಆದರೆ ಅದು ಮಾದರಿ ಅಷ್ಟೆ; ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಕಾನೂನು.

ಇಷ್ಟು ಓದಿದವರಿಗೆ ಬಾಡಿಗೆ ಇಸಿದುಕೊಳ್ಳುವವರೆಲ್ಲ ಕಲ್ಲೆದೆಯವರೆಂದು ಅನ್ನಿಸಿದರೆ ಅದೂ ಅನ್ಯಾಯ. ಮಗಳಿಗಾಗಿ ಜಮಖಂಡಿಯಲ್ಲಿ ಆ ರೈತ ನೋಡಲು ಹೋದ ಮನೆಯ ಒಡತಿ ಗಂಡನನ್ನು ಕಳೆದುಕೊಂಡವರು. ಕೆಳಗೆ ತಾವು, ಮಾಳಿಗೆಯ ಮೇಲೆ ಬಾಡಿಗೆಗೆಂದು ಕಟ್ಟಿಸಿದ ಎರಡು ಖೋಲಿ. ತಿಂಗಳ ಬಾಡಿಗೆ ಸ್ವಲ್ಪ ಮುಂದೆ ಹಾಕಬಹುದೇ ಎಂದು ಕೇಳಿದ್ದಕ್ಕೆ ಅವರು ಅಂದದ್ದು:

‘ನೋಡ್ರಿ ಅಣ್ಣಾರ, ನನ್ನ ಕಂತು ಐದನೇ ತಾರೀಖಿಗೆ ಖಾತೇದಾಗಿಂದ ಕಟ್ ಆಗತೈತಿ. ರೊಕ್ಕ ಇಲ್ಲಂದ್ರ ದಂಡ ಹಾಕ್ತಾರ. ನಿಮ್ಮ ಬಾಡಿಗಿನ ನನ್ನ ಕಂತು.’

‘ಖರೇ ಐತ್ರಿ ಅಕ್ಕಾರ’ ಎಂದು ಆತ ಸುಮ್ಮನಾದ. ಮತ್ತೇನು ಹೇಳಿಯಾನು, ಅವನ ಹಿತ್ತಲ ಎರಡು ಖೋಲಿಗಳ ಕಂತೂ ಹಾಗೆಯೇ ನಡೆದಿದೆ.

ಮನೆ ಸಾಲದ ಕಂತಿನ ಒಳಗುಟ್ಟು ಬಹಳ ಜನ ಪಾಲಕರಿಗೆ ತಿಳಿದಿಲ್ಲ. ಗಣಿತ ಬಲ್ಲ ಮಗನೋ ಮಗಳೋ ತಿಳಿಸಿಕೊಡಬೇಕಾದ ವಿಷಯವಿದು. 10 ಲಕ್ಷ ಸಾಲ, 20 ವರ್ಷ, ಶೇಕಡಾ 7ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 7,753 ರೂಪಾಯಿ. ಮೊದಲ ಕಂತಿನಲ್ಲಿ 5,833 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಲ್ಲುವುದು 1,920 ಮಾತ್ರ. ಈ ಬಡ್ಡಿಯೂ ಸ್ಥಿರವಲ್ಲ. ರಿಸರ್ವ್ ಬ್ಯಾಂಕಿನ ರೆಪೊ ದರ 2020ರ ಮೇ ತಿಂಗಳಲ್ಲಿ ಶೇಕಡಾ 4ಕ್ಕೆ ಇಳಿದಿತ್ತು. 2022ರ ಮೇಯಿಂದ ಏರತೊಡಗಿ 2023ರ ಫೆಬ್ರವರಿಗೆ 6.5 ಮುಟ್ಟಿತು, 2025ರಲ್ಲಿ ಮತ್ತೆ ಇಳಿಯಿತು. ಅಗ್ಗದ ಕಾಲದಲ್ಲಿ ಸಾಲ ತೆಗೆದು ಎರಡು ವರ್ಷ ಕಟ್ಟಿದವನ ಬಡ್ಡಿ 7ರಿಂದ 9ಕ್ಕೆ ಏರಿತೆನ್ನಿ. ಬ್ಯಾಂಕು ಕಂತು ಏರಿಸಲಿಲ್ಲ, ಅದೇ 7,753 ಹೋಗುತ್ತಿದೆ, ಅವನು ನಿಶ್ಚಿಂತ. ಆದರೆ ಕಂತು ಏರದಿದ್ದರೆ ಅವಧಿ ಹಿಗ್ಗುತ್ತದೆ. ಉಳಿದಿದ್ದ 18 ವರ್ಷ ಈಗ 28 ವರ್ಷ! ಎರಡು ಅಂಕಿಯ ಬಡ್ಡಿಯೂ ಅಲ್ಲ, ಬರೀ ಎರಡು ಅಂಶದ ಏರಿಕೆ, ಹತ್ತು ವರ್ಷದ ದುಡಿಮೆ ನುಂಗಿತು. ಸಾಲ ತೀರುವಾಗ ಹತ್ತನೆಯ ಇಯತ್ತೆಯ ಮಗಳಿಗೆ ನಲವತ್ತು ದಾಟಿರುತ್ತದೆ. ಇಂಥ ದೂರುಗಳು ಹೆಚ್ಚಿದ್ದರಿಂದ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಒಂದು ಸೂಚನೆ ಹೊರಡಿಸಿತು. ಬಡ್ಡಿ ಬದಲಾದಾಗ ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂದು ಸಾಲಗಾರನನ್ನು ಕೇಳಬೇಕು, ಸ್ಥಿರ ಬಡ್ಡಿಗೆ ಬದಲಾಯಿಸಿಕೊಳ್ಳುವ ಅವಕಾಶವನ್ನೂ ಕೊಡಬೇಕು ಎಂದು. ಬ್ಯಾಂಕಿನಿಂದ ಬಂದ ಇಂಗ್ಲಿಷ್ ಕಾಗದವನ್ನು ದೇವರ ಜಗುಲಿಯ ಹಿಂದೆ ಸಿಕ್ಕಿಸಿಡುವ ಮನೆಗಳಲ್ಲಿ, ಓದು ಬಲ್ಲ ಮಕ್ಕಳು ಅದನ್ನೊಮ್ಮೆ ತೆಗೆದು ನೋಡುವುದು ಒಳ್ಳೆಯದು.

ಅದೂ ಬ್ಯಾಂಕಿನ ಸಾಲ ಸಿಕ್ಕವರ ಮಾತು. ಹಳ್ಳಿಯ ಗಾವಠಾಣದೊಳಗಿನ ಹಳೆಯ ಮನೆಗಳಿಗೆ ಉತಾರ ಅಜ್ಜನ ಹೆಸರಿನಲ್ಲೇ ಇರುತ್ತದೆ. ಅಣ್ಣತಮ್ಮಂದಿರ ವಾಟ್ನಿ ಆಗಿರುವುದಿಲ್ಲ, ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11 ಕೈಗೆ ಬಂದಿರುವುದಿಲ್ಲ. ಅವಿಲ್ಲದೆ ಬ್ಯಾಂಕು ಮಾತಾಡಿಸದು. ಆಗ ಉಳಿಯುವುದು ಬಂಗಾರ, ಕೈಗಡ, ವಾರದ ಸಂಘ.

ಈ ಸೀಮೆಯಲ್ಲಿ ಮನೆ ಕಟ್ಟುವವನಿಗೆ ನೆಲವೇ ಒಂದು ಖರ್ಚು. ಕೃಷ್ಣೆಯ ಎರಿ ಭೂಮಿ ಬೆಳೆಗೆ ಬಂಗಾರ, ಬುನಾದಿಗೆ ಶತ್ರು. ಕರಿಮಣ್ಣಿನಲ್ಲಿರುವ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಪದರುಪದರಾಗಿರುತ್ತವೆ. ಮಳೆಗಾಲದಲ್ಲಿ ನೀರು ಪದರಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿನ ಗೋಡೆ ಪ್ರತಿ ವರ್ಷ ಒಂದಿಷ್ಟು ಎದ್ದು ಒಂದಿಷ್ಟು ಕೂಡುತ್ತದೆ, ಬಾಗಿಲ ಮೂಲೆಯಿಂದ ಓರೆಯಾಗಿ ಬಿರಿಯುತ್ತದೆ. ಅದಕ್ಕೇ ಅನುಭವಸ್ಥ ಗೌಂಡಿಗಳು ಗರಸು ತಾಗುವವರೆಗೆ ಅಗೆಯಬೇಕೆನ್ನುತ್ತಾರೆ. ಅಗೆದ ತಗ್ಗಿಗೆ ಕರಿಮಣ್ಣು ಮತ್ತೆ ಹಾಕದೆ ಗರಸು ತಂದು ತುಂಬಿಸುತ್ತಾರೆ. ಇಂಥ ಮಣ್ಣಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ, ಬುಡದಲ್ಲಿ ಗಂಟೆಯಂತೆ ಅಗಲವಾಗುವ ಕಾಂಕ್ರೀಟು ಕಂಬಗಳ ಬುನಾದಿಯನ್ನು ರೂಪಿಸಿತು. ಒಟ್ಟಿನಲ್ಲಿ ಮಸಾರಿ ನೆಲದವನ ಗೋಡೆ ಏಳುವಷ್ಟು ದುಡ್ಡು ಇಲ್ಲಿಯವನದು ನೆಲದೊಳಗೇ ಹೂತುಹೋಗುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಬಯಲು ಪ್ರದೇಶದ ಗ್ರಾಮೀಣ ಮನೆಗೆ 2016ರಲ್ಲಿ ನಿಗದಿಯಾದ ಸಹಾಯಧನ 1.20 ಲಕ್ಷ. ಎರಿ ಹೊಲವೋ ಮಸಾರಿಯೋ ಎಂದು ಆ ಯೋಜನೆ ಕೇಳುವುದಿಲ್ಲ.

ಹಳೆಯ ಮಾಳಿಗೆ ಮನೆಯ ಬಗ್ಗೆ ಒಂದು ಮಾತು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ತೊಲೆ ಜಂತಿಯ ಮೇಲೆ ಹೊದಿಸಿದ ಮಣ್ಣು, ನೆತ್ತಿಯಲ್ಲಿ ಬೆಳಕಿಂಡಿ. ಹಗಲಿನ ಬಿಸಿಲು ಆ ಗೋಡೆ ದಾಟಿ ಒಳಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ತೆಳುವಾದ ಸ್ಲ್ಯಾಬಿನ ಖೋಲಿ ಏಪ್ರಿಲ್‌ನಲ್ಲಿ ಒಲೆ, ಪತ್ರಾಸಿನದಂತೂ ಹಂಚೇ ಸರಿ. ಆದರೂ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ‘ಮನೀ ಆರ್‌ಸಿಸಿ ಐತೇನು’ ಎಂದು. ತಂಪಾದ ಮನೆಯಿದ್ದೂ ಬಿಸಿ ಮನೆಗಾಗಿ ಸಾಲ ಮಾಡಿ, ಅದನ್ನು ತಂಪು ಮಾಡಲು ಕೂಲರ್ ಕೊಳ್ಳುವ ನಮ್ಮ ಜಾಣತನಕ್ಕೆ ಏನೆನ್ನಬೇಕೋ.

ನದಿದಂಡೆಯ ಊರುಗಳಿಗೆ ಇದರ ಮೇಲೊಂದು ಚಿಂತೆ ಇದ್ದೇ ಇದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಒಟ್ಟಿಗೇ ಉಕ್ಕಿ ಬಾಗಲಕೋಟೆ ಜಿಲ್ಲೆಯ ಸಾವಿರಾರು ಮನೆಗಳು ನೀರು ಕಂಡವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ಹಣ ಮನೆಗೆ, ಅಂದರೆ ಮಾಲಕನಿಗೆ. ಅದೇ ಮನೆಯಲ್ಲಿ ಬಾಡಿಗೆಗಿದ್ದವನು ಇನ್ನೊಂದು ಖೋಲಿ ಹುಡುಕಿ ಇನ್ನೊಮ್ಮೆ ಅಡ್ವಾನ್ಸ್ ಕೊಡಬೇಕು. ಆಲಮಟ್ಟಿಯ ಹಿನ್ನೀರು 519.6 ಮೀಟರಿಗೆ ನಿಂತಿದೆ. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ 524.256 ಮೀಟರಿನವರೆಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಅಂದಿನಿಂದ ದಂಡೆಯ ಹಲವು ಊರುಗಳಲ್ಲಿ ಮನೆ ರಿಪೇರಿಗೆ ಕೈಹಾಕುವವನು ಎರಡು ಸಲ ಯೋಚಿಸುತ್ತಾನೆ. ಮುಳುಗುವ ಮನೆಗೆ ಸುಣ್ಣ ಯಾಕೆ? ಮುಳುಗದಿದ್ದರೆ ಮಳೆಗೆ ಬೀಳುವ ಗೋಡೆ ಬಿಟ್ಟದ್ದು ಯಾಕೆ? ಹಳೆಯ ಬಾಗಲಕೋಟೆಯವರು ನವನಗರಕ್ಕೆ ಹೋಗುವ ಮುನ್ನ ವರ್ಷಗಟ್ಟಲೆ ಕೇಳಿಕೊಂಡ ಪ್ರಶ್ನೆ ಇದೇ.

ಬಾಡಿಗೆದಾರನ ಲೆಕ್ಕ ಎಲ್ಲಿಯೂ ಸಿಗದಿರುವುದಕ್ಕೆ ಕಾರಣ ಅವನು ಅಲ್ಪಸಂಖ್ಯ. 2011ರ ಜನಗಣತಿಯಂತೆ ದೇಶದ ಪಟ್ಟಣಗಳಲ್ಲಿ ನೂರಕ್ಕೆ ಸುಮಾರು 28 ಕುಟುಂಬ ಬಾಡಿಗೆ ಮನೆಯಲ್ಲಿದ್ದರೆ, ಹಳ್ಳಿಗಳಲ್ಲಿ ಮೂರೂವರೆಯೂ ಇಲ್ಲ. ಹಳ್ಳಿಯ ಆ ಮೂವರು ಯಾರು? ಬ್ಯಾಂಕಿನ ಕ್ಯಾಶಿಯರ್, ದವಾಖಾನೆಯ ಸಿಸ್ಟರು, ವರ್ಗವಾಗಿ ಬಂದ ಶಿಕ್ಷಕರು. ಇವರಿಗಾದರೂ ಮನೆ ಬಾಡಿಗೆ ಭತ್ಯೆ ಉಂಟು. ಅದೇ ಶಾಲೆಯ ಅತಿಥಿ ಶಿಕ್ಷಕನಿಗೆ ಅದೂ ಇಲ್ಲ. ಬೇಸಿಗೆ ರಜೆಯಲ್ಲಿ ಅವನ ಗೌರವಧನ ನಿಲ್ಲುತ್ತದೆ, ಬಾಡಿಗೆಗೆ ಬೇಸಿಗೆ ರಜೆ ಇಲ್ಲ. ರಬಕವಿ-ಬನಹಟ್ಟಿಯ ನೇಕಾರನ ಪಾಡು ಇನ್ನೂ ಬಿಗಿ. ಅವನಿಗೆ ಮನೆಯೆಂದರೆ ಮಗ್ಗ ಇಡುವ ಜಾಗ. ಮಾಲಕ ಬಿಡು ಅಂದರೆ ಸಾಮಾನು ಸಾಗಿಸಿದರೆ ಮುಗಿಯದು, ಮಗ್ಗ ಬಿಚ್ಚಬೇಕು, ಜೋಡಿಸುವತನಕ ಕೂಲಿ ಇಲ್ಲ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಮಾತ್ರ ಬಾಡಿಗೆದಾರರನ್ನೂ ಫಲಾನುಭವಿಗಳೆಂದು ಬರೆದುಕೊಂಡಿತು. ಸರಕಾರಿ ಕಾಗದದಲ್ಲಿ ಅವರು ಎಣಿಕೆಗೆ ಬಂದ ಅಪರೂಪದ ಸಂದರ್ಭ ಅದು. ಕಬ್ಬು ಕಡಿಯಲು ಬರುವ ಗ್ಯಾಂಗಿನವರದು ಬಾಡಿಗೆಯೂ ಇಲ್ಲದ ಲೆಕ್ಕ. ಹೊಲದ ಬದುವಿನ ಮೇಲೆ ನಾಲ್ಕು ತಿಂಗಳು ಜೋಪಡಿ, ಅವರ ಮಕ್ಕಳ ಶಾಲೆ ಯಾವ ಊರಿನಲ್ಲಿ ಎಂದು ಕೇಳದಿರುವುದೇ ವಾಸಿ.

ಹಿಂದೆ ಓದುವ ಹುಡುಗರು ಏನು ಮಾಡುತ್ತಿದ್ದರು? ಜಮಖಂಡಿ ಸಂಸ್ಥಾನದ ಕಾಲದಿಂದಲೂ ವಿದ್ಯೆಯ ಊರು. 1886ರಲ್ಲಿ ಅಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಓದಿದ್ದು ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ. ಸುತ್ತಲ ಹಳ್ಳಿಯ ಬಡ ಹುಡುಗರಿಗೆ ವಾರಾನ್ನವಿತ್ತು, ದಿನಕ್ಕೊಂದು ಮನೆಯ ಊಟ, ಯಾರದೋ ಪಡಸಾಲೆಯಲ್ಲಿ ಮಲಗುವುದು. ಧಾರವಾಡದ ಮುರುಘಾಮಠದಂಥ ಮಠಗಳ ಉಚಿತ ಪ್ರಸಾದ ನಿಲಯಗಳು ಎಷ್ಟೋ ತಲೆಮಾರುಗಳನ್ನು ಓದಿಸಿದವು. ಇದನ್ನೆಲ್ಲ ಬರೀ ಸಿಹಿಯಾಗಿ ನೆನೆಯುವವರಿದ್ದಾರೆ. ಜಾತಿ ನೋಡಿ ಬಾಗಿಲು ತೆರೆದ ಪಡಸಾಲೆಗಳು ಕಡಿಮೆಯಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಆ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ. ಈಗ ಸರಕಾರಿ ಮೆಟ್ರಿಕ್ ನಂತರದ ವಸತಿ ನಿಲಯಗಳಿವೆ, ಸೀಟಿಗಿಂತ ಅರ್ಜಿ ಹೆಚ್ಚು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ವಿದ್ಯಾಸಿರಿ ಯೋಜನೆ ಬಂತು. ಊಟ ವಸತಿಗೆಂದು ಆರಂಭದಲ್ಲಿ ಕೊಟ್ಟದ್ದು ತಿಂಗಳಿಗೆ 1,500ರಂತೆ ವರ್ಷದಲ್ಲಿ 10 ತಿಂಗಳು. ಅರ್ಜಿಗೆ ಕೊನೆಯ ದಿನ ತಪ್ಪಿಸಿಕೊಂಡು ಆಮೇಲೆ ಹಲುಬುವ ಪಾಲಕರು ಪ್ರತಿ ವರ್ಷವೂ ಇರುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಏಪ್ರಿಲ್‌ನಲ್ಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಇನ್ನು ಆ ಪಡಸಾಲೆಯ ಮಾತಿಗೆ ಬರಬೇಕು. ಎರಡು ರೂಮಿನ ಬಾಡಿಗೆ, ಒಂದು ಮನೆಯ ಕಂತು ಒಟ್ಟಿಗೆ ಎದುರು ನಿಂತಾಗ ಯಾವುದನ್ನು ಕಡಿಯಬಹುದು? ಕಂತು ಬಿಡುವಂತಿಲ್ಲ. ಮಗನ ಓದು ಅರ್ಧಕ್ಕೆ ಬಂದಿದೆ. ಹಾಗಾಗಿ ಎಲ್ಲರ ಕಣ್ಣೂ ಹುಡುಗಿಯ ಕಡೆ ತಿರುಗಿತು.

‘ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟ ಐತಲ್ಲ, ದಿನಾ ಹೋಗಿ ಬರಲಿ’ ಎಂದಳು ಅವ್ವ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಇಂಥ ಮನೆಗಳಲ್ಲಿ ಈ ಮಾತು ಸಹಜ. ಓದು ಬಿಡಬೇಕಾಗಿದ್ದ ಎಷ್ಟೋ ಹುಡುಗಿಯರು ಆ ಬಸ್ಸಿನಿಂದಾಗಿ ಕಾಲೇಜು ಕಂಡಿದ್ದಾರೆ, ಅದನ್ನು ಹಗುರಾಗಿ ಕಾಣಬಾರದು. ಆದರೆ ರೂಮಿನ ಬದಲಿಗೆ ಬಸ್ಸು ಎಂಬ ಲೆಕ್ಕ ಆರ್ಟ್ಸ್ ವಿದ್ಯಾರ್ಥಿನಿಗೆ ಕೂಡಿದಂತೆ ಸೈನ್ಸಿನವಳಿಗೆ ಕೂಡುವುದಿಲ್ಲ.

‘ಯವ್ವಾ, ಪ್ರಾಕ್ಟಿಕಲ್ ಮುಗಿಯೂದರಾಗ ಸಂಜಿ ಆಗತೈತಿ. ಬಸ್ಸು ತಪ್ಪಿದ್ರ ಸ್ಟ್ಯಾಂಡಿನ್ಯಾಗ ನಿಂದರಲ್ಯಾ?’

ಪ್ರಯೋಗಾಲಯದ ಪಾಳಿ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಟೈಟ್ರೇಷನ್ನಿನಲ್ಲಿ ಬಣ್ಣ ತಿರುಗುವ ಹನಿಗಾಗಿ ಕಾಯುವವಳಿಗೆ ಗಡಿಯಾರದ ಮುಳ್ಳು ನೋಡುತ್ತ ನಿಲ್ಲಲಾಗದು. ಬೆಳಿಗ್ಗೆ ಮುಂಚೆ ಎದ್ದು ಬಸ್ಸು ಹಿಡಿದು, ಸಂಜೆ ನಿಂತುಕೊಂಡೇ ಬಂದು, ಎಮ್ಮೆಯ ಕೆಲಸ ಮುಗಿಸಿ ಪುಸ್ತಕ ಬಿಚ್ಚುವ ಹುಡುಗಿ ಮೊದಲ ಟೆಸ್ಟಿನಲ್ಲಿ ಹಿಂದೆ ಬೀಳುತ್ತಾಳೆ. ‘ಸೈನ್ಸ್ ಅಕೀಗೆ ಆಗೂದಿಲ್ಲ ಬಿಡ್ರಿ’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಆಗದಿದ್ದುದು ಸೈನ್ಸೋ ಬಾಡಿಗೆಯೋ ಎಂದು ಯಾರೂ ವಿಚಾರಿಸುವುದಿಲ್ಲ. ವರ್ಷದ ಕೊನೆಗೆ ಅವಳು ಕಲಾ ವಿಭಾಗಕ್ಕೆ ಬದಲಾಗುತ್ತಾಳೆ. ದಾಖಲೆಯಲ್ಲಿ ಅದಕ್ಕೆ ‘ಸ್ವ-ಇಚ್ಛೆ’ ಎಂದು ಬರೆಯುತ್ತಾರೆ.

ಈ ಮನೆಯಲ್ಲಿ ಹಾಗಾಗಲಿಲ್ಲ. ಹುಡುಗಿ ಒಂದು ಹಳೆಯ ನೋಟುಬುಕ್ಕು ತಂದು ಅಪ್ಪನ ಮುಂದೆ ಕುಳಿತಳು. ಮೇಲೆ ಹೇಳಿದ ಎಂಟು ತಿಂಗಳು, 36, 4,320ರ ಲೆಕ್ಕ ಅವಳೇ ಮಾಡಿದ್ದು. ಅಪ್ಪನಿಗೆ ಆವರೆಗೆ ಬಡ್ಡಿ ಗೊತ್ತಿತ್ತು, ಒಂಬತ್ತನೆಯ ತಿಂಗಳು ಗೊತ್ತಿರಲಿಲ್ಲ. ಈ ಪ್ರಾಂತದಲ್ಲಿ ಎಷ್ಟೋ ತಂದೆತಾಯಿ ರೊಕ್ಕದ ಮಾತು ಮಕ್ಕಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುತ್ತಾರೆ, ಓದುವವರ ತಲೆ ಕೆಡಬಾರದೆಂದು. ಧಾರವಾಡದ ಮಗ ಊಟ ಬಿಟ್ಟು ಅವಲಕ್ಕಿ ತಿಂದು ಆ ಮಾತನ್ನು ಅಪ್ಪನಿಗೆ ಹೇಳುವುದಿಲ್ಲ. ಅಪ್ಪ ಎಮ್ಮೆ ಮಾರಿ ಆ ಮಾತನ್ನು ಮಗನಿಗೆ ಹೇಳುವುದಿಲ್ಲ. ಇಬ್ಬರ ಲೆಕ್ಕವೂ ಅರ್ಧರ್ಧ.

ನೋಟುಬುಕ್ಕಿನ ಮುಂದಿನ ಪುಟಗಳಲ್ಲಿ ದಾರಿಗಳೂ ಇದ್ದವು. ಅದೇ ಊರಿನ ಇನ್ನಿಬ್ಬರು ಹುಡುಗಿಯರು ಜಮಖಂಡಿಗೆ ಸೇರುವವರಿದ್ದರು. ಮೂವರಿಗೆ ಒಂದು ಖೋಲಿ. ಒಬ್ಬಳ ಅಜ್ಜಿ ಅಡಿಗೆ ಮಾಡಿಕೊಂಡು ಜೊತೆಗಿರಲು ಒಪ್ಪಿದಳು. ಪೇಟೆಯಲ್ಲಿ ಓದುವ ಮೊಮ್ಮಕ್ಕಳೊಂದಿಗೆ ಅಜ್ಜಿಯನ್ನು ಕಳಿಸುವುದು ಇತ್ತ ಹೊಸತಲ್ಲ. ಜೋಳ, ಗೋಧಿ, ಬೇಳೆ ಊರಿನಿಂದ. ಗ್ಯಾಸು, ಹಾಲು ಅಲ್ಲಿ. ಮನೆ ಒಡೆದು ಎರಡು ಒಲೆಯಾಗುತ್ತದೆ, ಊರಿನಲ್ಲಿ ಅಜ್ಜಿಯಿಲ್ಲದ ಮನೆಯ ಕೆಲಸ ಸೊಸೆಯ ತಲೆಗೆ ಬರುತ್ತದೆ, ಅದೂ ಒಂದು ಬಾಡಿಗೆಯೇ, ಯಾವ ರಸೀದಿಯಲ್ಲೂ ಕಾಣದ್ದು. ಬಿಲ್ಲು ಬರುವವರೆಗಿನ ತಿಂಗಳುಗಳಿಗೆ ಕೈಗಡದ ಬದಲು ಬ್ಯಾಂಕಿನಲ್ಲಿ ಅವ್ವನ ಎರಡು ತೊಲೆಯ ಸರ ಅಡವಿಡುವುದೆಂದಾಯಿತು. ಅಸಲು ಅಷ್ಟೇ, ಬಡ್ಡಿ ಮೂರನೆಯ ಒಂದು ಪಾಲಿಗೆ ಇಳಿಯಿತು.

ಒಡತಿಯ ಹತ್ತಿರ ಮತ್ತೊಮ್ಮೆ ಹೋದಾಗ ಮಾತು ಬೇರೆ ರೀತಿ ನಡೆಯಿತು. ಪ್ರತಿ ತಿಂಗಳು ತಡ ಮಾಡಿ ಅನ್ನಿಸಿಕೊಳ್ಳುವ ಬದಲು, ಜೂನಿಗೆ ಆರು ತಿಂಗಳದು ಒಮ್ಮೆಗೇ ಮುಂಗಡ, ಡಿಸೆಂಬರ್‌ದು ಜನವರಿಯ ಕೊನೆಗೆ ಎಂದು ಮೂರೂ ಮನೆಯವರು ಸೇರಿ ಕೇಳಿದರು. ಒಡತಿ ಬೆರಳು ಮಡಚಿ ತಮ್ಮ ಕಂತಿನ ತಾರೀಖುಗಳನ್ನು ಲೆಕ್ಕ ಹಾಕಿದರು. ಆರು ಕಂತಿನ ಚಿಂತೆ ಒಮ್ಮೆಗೇ ಕಳೆಯುವುದು ಅವರಿಗೂ ಬೇಕಾಗಿತ್ತು. ತಿಂಗಳಿಗೆ ಇನ್ನೂರು ಕಡಿಮೆ ಮಾಡಿದರು, ಅಡ್ವಾನ್ಸ್ ಎರಡೇ ತಿಂಗಳದು ಸಾಕೆಂದರು. ಆದರೆ ಕಾಗದ ಆಗಲೇಬೇಕೆಂದರು. ಸ್ಟ್ಯಾಂಪ್ ಪೇಪರ್ ತಂದು, 11 ತಿಂಗಳಿಗೆ ಬರೆದು, ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ದಿನದೊಳಗೆ ವಾಪಸು, ಕರೆಂಟು ನೀರು ಯಾರದು ಎಂಬುದನ್ನೆಲ್ಲ ಹುಡುಗಿಯೇ ಓದಿ ಹೇಳಿದಳು. ಅಜ್ಜಿ ಹೆಬ್ಬೆಟ್ಟು ಒತ್ತಲು ಮುಂದಾದಳು. ಅವಳ ಸಹಿ ಬೇಡವೆಂದು ತಿಳಿಸಲು ಒಂದಿಷ್ಟು ಹೊತ್ತು ಹಿಡಿಯಿತು.

ಇಷ್ಟೆಲ್ಲ ಮುಗಿದು ಟ್ರಂಕು, ಸ್ಟೋವು, ಜೋಳದ ಚೀಲ ಇಳಿಸುವ ಹೊತ್ತಿಗೆ ಕಾಲೇಜು ಶುರುವಾಗಿ ಎಂಟು ದಿನ ಕಳೆದಿದ್ದವು. ತಪ್ಪಿದ ಪಾಠದ ನೋಟ್ಸು ಬರೆದುಕೊಳ್ಳುವುದಿತ್ತು.